ಹಸಿ ಗಾರೆ, ಕೆಮ್ಮಣ್ಣು, ನಮ್ಮ ಸೀಮೆಯ ಚಿತ್ರ: ನನ್ನ ಅನುಭವ

ನಮ್ಮ ಬಿಸಿಲಿಗೆ ಹೊರಗೋಡೆಯ ಮೇಲೆ ಸುಣ್ಣದ ಚಿತ್ರ, ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಕೂರಿಸಿ ಬರೆದ ಚಿತ್ರ, ನಿಲ್ಲುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಪೇಂಟ್ ಅಂಗಡಿಯವರು ಹೇಳಿದರು. ಕಂಟ್ರಾಕ್ಟರುಗಳು ಹೇಳಿದರು. ನನ್ನ ಜೊತೆ ಡ್ರಾಯಿಂಗ್ ಡಿಪ್ಲೊಮಾ ಮಾಡಿ ಈಗ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿರುವ ಗೆಳೆಯರೂ ಹೇಳಿದರು. ಗಂಗಾವತಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಪಡುವಣ ಗೋಡೆ ಈಗ ಐದನೇ ಬೇಸಿಗೆ ದಾಟಿ ನಿಂತಿದೆ. ಉಜ್ಜಿದರೆ ಬೆರಳಿಗೆ ಬಣ್ಣ ಹತ್ತುವುದಿಲ್ಲ. ಅದೇ ವರ್ಷ ಅದರ ಎದುರಿಗೆ ಎಮಲ್ಷನ್ ಅನ್ನುವ ಡಬ್ಬಿ ಬಣ್ಣದಲ್ಲಿ ಬರೆಸಿದ ಕಾಂಪೌಂಡನ್ನು ಆಗಲೇ ಎರಡು ಸಲ ಕೆರೆದು ಬಳಿದಾಗಿದೆ. ಈಗ ಫೋನ್ ಮಾಡಿ ಹೆಂಗೆ ಮಾಡಿದಿರಿ ಅಂತ ಕೇಳುವವರಲ್ಲಿ ಆಗ ತಲೆಯಾಡಿಸಿದವರೇ ಜಾಸ್ತಿ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಖಾಕಾ (ಚಿತ್ರದ ಕಾಗದದ ನಕಾಶೆ) ಹಾಕುವುದು, ಚೌಕ ಎಳೆದು ದೊಡ್ಡದು ಮಾಡುವುದು, ಅಟ್ಟಣಿಗೆ ಕಟ್ಟುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ನಾನು ಮೊದಲು ಬೋರ್ಡ್ ಬರೆಯುವವನು. ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಲಾರಿ ಹಿಂಬದಿ, ಟ್ರ್ಯಾಕ್ಟರ್ ಟ್ರಾಲಿ ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದಮೇಲೆ ಆ ಕೆಲಸ ಮುಗಿಯಿತು. ಚದರ ಅಡಿಗೆ 10–12 ರೂಪಾಯಿ, ರಾತ್ರಿ ಕೊಟ್ಟರೆ ಬೆಳಿಗ್ಗೆ ಕೈಗೆ. ಅದರ ಜೊತೆ ಯಾರು ಪೈಪೋಟಿ ಮಾಡಬೇಕು? ಉಳಿದದ್ದು ಸರ್ಕಾರಿ ಗೋಡೆ ಬರಹ, ಶಾಲೆ ಗೋಡೆ, ಅಂಗನವಾಡಿ. ಹತ್ತಾರು ವರ್ಷ ಅದರಲ್ಲೇ ಹೊಟ್ಟೆ ಹೊರೆದೆ.

ಆ ಶಾಲೆ ಗೋಡೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವ ಊರಿಗೆ ಹೋದರೂ ಅದೇ ಚಿತ್ರ ಬೇಕು. ಎರಡು ಹಸಿರು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಗೆ ತೆಂಗಿನ ಮರ, ಪಕ್ಕದಲ್ಲಿ ಇಳಿಜಾರು ಹೆಂಚಿನ ಮನೆ. ಕುಷ್ಟಗಿಯಲ್ಲಾಗಲಿ, ಲಿಂಗಸುಗೂರಿನಲ್ಲಾಗಲಿ ಅಂಥ ಮನೆ ಎಲ್ಲಿದೆ ಹೇಳಿ. ನಮ್ಮದು ಮಾಳಿಗೆ ಮನೆ, ಅಂದರೆ ಚಪ್ಪಟೆ ಚಾವಣಿಯದು. ಮೇಲೆ ಮಣ್ಣಿನ ಮುದ್ದೆ, ಬೆಳಕಿಂಡಿ, ಮುಂದೆ ಕಟ್ಟೆ. ನಮ್ಮ ಗುಡ್ಡ ಅಂದರೆ ಒಂದರ ಮೇಲೊಂದು ಪೇರಿಸಿದ ಬಂಡೆ. ಮಕ್ಕಳಿಗೆ ಮನೆ ಬರೆಯಿರಿ ಅಂದರೆ ಕಾಣದ ಹೆಂಚಿನ ಮನೆ ಬರೆಯುತ್ತಾರೆ, ತಾವು ಮಲಗಿ ಏಳುವ ಮನೆ ಬರೆಯುವುದಿಲ್ಲ. ಅದು ಚಿತ್ರಕ್ಕೆ ಯೋಗ್ಯವಲ್ಲ ಅಂತ ಗೋಡೆಗಳೇ ಅವರಿಗೆ ಕಲಿಸಿವೆ. ನನಗೆ ಇದು ಬಹಳ ಚುಚ್ಚುತ್ತಿತ್ತು. ತನ್ನ ಮನೆ ಚಿತ್ರಕ್ಕೆ ಸಲ್ಲದು ಅಂದುಕೊಂಡ ಹುಡುಗ ನಾಳೆ ತನ್ನ ಊರನ್ನು ಕಟ್ಟಲು ಯಾಕೆ ಮುಂದೆ ಬರುತ್ತಾನೆ?

ಎರಡನೇ ಸಂಕಟ ಬಾಳಿಕೆಯದು. ಎನಾಮಲ್ (ಎಣ್ಣೆ ಬಣ್ಣ) ಬರೆದ ಗೋಡೆ ಮೊದಲ ವರ್ಷ ಕನ್ನಡಿ ಇದ್ದಂಗೆ ಇರುತ್ತದೆ. ಎರಡನೇ ಬೇಸಿಗೆಗೆ ಸುಕ್ಕು. ಮೂರನೆಯದಕ್ಕೆ ಹಾಳೆ ಹಾಳೆಯಾಗಿ ಏಳುತ್ತದೆ. ರಾಯಚೂರು, ಸಿಂಧನೂರು ಕಡೆ ನೀರಾವರಿ ಬಂದ ಜಾಗಗಳಲ್ಲಿ ಚೌಳು, ಅಂದರೆ ಮಣ್ಣಿನ ಉಪ್ಪು, ಏರಿ ಕೆಳಗಿನ ಎರಡು-ಮೂರು ಅಡಿ ಪೂರಾ ಉಬ್ಬಿ ಉದುರುತ್ತದೆ. ಬಣ್ಣದ ಪದರ ಗೋಡೆಯ ಉಸಿರು ಕಟ್ಟುತ್ತದೆ. ಒಳಗಿನ ತೇವ ಹೊರಗೆ ಬರಬೇಕಲ್ವಾ, ಬಣ್ಣವನ್ನು ತಳ್ಳಿಕೊಂಡೇ ಬರುತ್ತದೆ.

ಸುಣ್ಣದ ಕಡೆ ನನ್ನನ್ನು ತಿರುಗಿಸಿದ್ದು ಗಂಗಾವತಿ ತಾಲೂಕಿನ ಹಿರೇಬೆಣಕಲ್. ಅಲ್ಲಿನ ಗುಡ್ಡದ ಮೇಲೆ ಶಿಲಾಯುಗದ ಕೊನೆಗೆ, ಕಬ್ಬಿಣ ಬಳಕೆಗೆ ಬಂದ ಕಾಲದ, ಮನೆಯ ಆಕಾರದ ಕಲ್ಲುಗೋರಿಗಳಿವೆ, ಜನ ಮೊರೇರ ಮನೆಗಳು ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಹತ್ತುವ ದಾರಿಯ ಕಲ್ಲಾಸರೆಗಳಲ್ಲಿ ಕೆಂಪು ಚಿತ್ರಗಳಿವೆ. ಕುಣಿಯುವ ಮನುಷ್ಯರು, ದನ, ಜಿಂಕೆ. ಅದು ಬರೀ ಕೆಮ್ಮಣ್ಣು, ಅಂದರೆ ಕಬ್ಬಿಣದ ಮಣ್ಣು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲೂ ಇಂಥವಿವೆ. ಸಾವಿರಾರು ವರ್ಷ ಬಣ್ಣ ಬದಲಾಗದೆ ನಿಂತ ಆ ಕೆಂಪು ಸಂಡೂರು ಕಡೆ ರಸ್ತೆ ಬದಿಯಲ್ಲಿ ಧೂಳಾಗಿ ಬಿದ್ದಿದೆ. ನಾವು ಅದನ್ನು ತುಳಿದು ಅಂಗಡಿಗೆ ಹೋಗಿ ಡಬ್ಬಿ ಕೊಳ್ಳುತ್ತೇವೆ.

ಆಮೇಲೆ ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪ. ಮಂಟಪ ಕೃಷ್ಣದೇವರಾಯ ಕಟ್ಟಿಸಿದ್ದು, 1510ರ ಶಾಸನ ಅಲ್ಲೇ ಇದೆ. ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ, ಶಿವನ ಮೇಲೆ ಬಾಣ ಹೂಡಿದ ಮನ್ಮಥ. ನೆಲಕ್ಕೆ ಮಲಗಿ ನೋಡಿ. ಮುಖಗಳೆಲ್ಲ ಪಕ್ಕಕ್ಕೆ ತಿರುಗಿವೆ, ಕಣ್ಣು ದೊಡ್ಡದು, ಮೂಗು ಚೂಪು, ಸುತ್ತ ಗಟ್ಟಿ ಕಪ್ಪು ಗೆರೆ. ಬಣ್ಣ ಕೆಲವೇ ಕೆಲವು. ನದಿ ಈಚೆ ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲೂ ಚಿತ್ರಗಳಿವೆ. ಹೆಂಗಸರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾಗಿ ನಿಂತ ನಾರೀಕುಂಜರವನ್ನು ಅಲ್ಲಿ ನೋಡಬೇಕು. ಇವೆಲ್ಲ ನೆರಳಲ್ಲಿ ಇರುವುದರಿಂದ ಉಳಿದಿವೆ, ಹೊರಗೋಡೆಗೆ ಆಗುವುದಿಲ್ಲ ಅಂತ ಗೆಳೆಯರು ವಾದಿಸಿದರು. ಅದು ಸರಿಯಾದ ವಾದವೇ. ಅದಕ್ಕೇ ನಾನು ಒಣ ಗೋಡೆಯ ಮೇಲೆ ಅಂಟು ಹಾಕಿ ಬರೆಯುವುದನ್ನು ಬಿಟ್ಟು, ಗಾರೆ ಹಸಿ ಇರುವಾಗಲೇ ಬಣ್ಣ ಕೂರಿಸುವ ಕೆಲಸಕ್ಕೆ ಕೈಹಾಕಿದೆ. ಗಾರೆ ಗಾಳಿಯಲ್ಲಿ ಗಟ್ಟಿಯಾಗುತ್ತಾ ಮತ್ತೆ ಸುಣ್ಣದಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೇರಿಹೋಗುತ್ತದೆ. ಅಂಟೇ ಬೇಡ.

ಹೇಳಿದಷ್ಟು ಸುಲಭವಾಗಿ ಬರಲಿಲ್ಲ. ಮೊದಲು ಸುಣ್ಣವೇ ಸಿಗಲಿಲ್ಲ. ಅಂಗಡಿಯ ಪ್ಯಾಕೆಟ್ ಪುಡಿ ಈ ಕೆಲಸಕ್ಕೆ ಬರುವುದಿಲ್ಲ, ಅರ್ಧ ಸತ್ತ ಸುಣ್ಣ ಅದು. ಭಟ್ಟಿಯಿಂದ ಬಂದ ಹೆಂಟೆ ಸುಣ್ಣವೇ ಬೇಕು. ನಾನು ಬಾಗಲಕೋಟೆ ಕಡೆಯಿಂದ ತರಿಸುತ್ತೇನೆ. ಗುಂಡಿಯಲ್ಲಿ ನೀರಿಗೆ ಹಾಕಿ ಕುದಿಸಿ, ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಆರು ತಿಂಗಳು ಬಿಡಬೇಕು. ವರ್ಷ ಬಿಟ್ಟರೆ ಇನ್ನೂ ಒಳ್ಳೆಯದು, ಬೆಣ್ಣೆಯಂತೆ ಬರುತ್ತದೆ. ಆರು ತಿಂಗಳು ಕಾಯುವ ಗಿರಾಕಿ ಯಾರೂ ಇಲ್ಲ. ಹಾಗಾಗಿ ಕೆಲಸ ಸಿಗುವ ಮೊದಲೇ ನನ್ನ ದುಡ್ಡಿನಲ್ಲಿ ಗುಂಡಿ ತುಂಬಿಸಿ ಇಡಬೇಕಾಯಿತು. ಮನೆಯಲ್ಲಿ ಅದಕ್ಕೆ ಎಷ್ಟು ಮಾತು ಬಂತು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲ ಗೋಡೆ ಸಿಮೆಂಟ್ ಪ್ಲಾಸ್ಟರಿನದು. ಅದರ ಮೇಲೆ ಸುಣ್ಣದ ಗಾರೆ ಹಿಡಿಯಲೇ ಇಲ್ಲ. ಚಿತ್ರ ಚೆನ್ನಾಗಿಯೇ ಬಂತು, ಎರಡು ತಿಂಗಳಿಗೆ ಒಂದು ಬಾಗಿಲಷ್ಟು ಅಗಲದ ತುಂಡು ಹಾಗೇ ಕಳಚಿ ಬಿತ್ತು. ಈಗ ಸಿಮೆಂಟ್ ಇದ್ದರೆ ಪೂರಾ ಕೆತ್ತಿಸುತ್ತೇನೆ, ಕಲ್ಲು ಇಲ್ಲವೇ ಇಟ್ಟಿಗೆ ಕಾಣುವ ತನಕ. ಅದಕ್ಕೆ ಗಿರಾಕಿ ಒಪ್ಪದಿದ್ದರೆ ಕೆಲಸವನ್ನೇ ಒಪ್ಪುವುದಿಲ್ಲ.

ಎರಡನೆಯದು ಏಪ್ರಿಲ್ ಕೊನೆಯ ಕೆಲಸ. ಜಾತ್ರೆಯೊಳಗೆ ಮುಗಿಸಬೇಕು ಅಂತ ಹಟ ಹಿಡಿದರು. 42–43 ಡಿಗ್ರಿ ಬಿಸಿಲು. ಬೆಳಿಗ್ಗೆ ಹಚ್ಚಿದ ಗಾರೆ ಒಂಬತ್ತಕ್ಕೆಲ್ಲ ಬೆಳ್ಳಗಾಯಿತು. ಮೇಲೆ ಒಣಗಿತು, ಒಳಗೆ ಕಲ್ಲಾಗಲಿಲ್ಲ. ಮುಟ್ಟಿದರೆ ಬಣ್ಣ ಪುಡಿ ಪುಡಿ. ಗಾರೆಗೆ ಗಟ್ಟಿಯಾಗಲು ತೇವವೂ ಬೇಕು, ಗಾಳಿಯೂ ಬೇಕು. ಆ ಕೆಲಸದಲ್ಲಿ ಕೂಲಿ, ಸುಣ್ಣ, ಅಟ್ಟಣಿಗೆ ಬಾಡಿಗೆ ಸೇರಿ ಕೈಯಿಂದ ಸುಮಾರು 30,000 ಹೋಯಿತು. ಈಗ ದೀಪಾವಳಿಯಿಂದ ಶಿವರಾತ್ರಿ ತನಕ ಮಾತ್ರ ಹೊರಗೋಡೆ. ಆಗಲೂ ಹಿಂದಿನ ದಿನ ಸಂಜೆ ಗೋಡೆಗೆ ನೀರು ಕುಡಿಸಿ, ಪಡುವಣ ಗೋಡೆಯಾದರೆ ಗೋಣಿತಟ್ಟಿನ ಪರದೆ ಕಟ್ಟಿ, ಮುಗಿದ ಮೇಲೂ ಒಂದು ವಾರ ಆ ತಟ್ಟಿಗೆ ನೀರು ಚಿಮುಕಿಸುತ್ತೇನೆ. ಈ ಒಂದು ವಾರದ ನೀರಿನಲ್ಲೇ ಅರ್ಧ ಗುಟ್ಟಿದೆ. ಹುಡುಗರು ಬಣ್ಣ ಮುಗಿದ ದಿನವೇ ಫೋಟೊ ತೆಗೆದು ಹೊರಟುಬಿಡುತ್ತಾರೆ, ಅಲ್ಲೇ ಕೆಡುತ್ತದೆ.

ಬಣ್ಣಗಳ ವಿಷಯ. ಸುಣ್ಣದ ಖಾರಕ್ಕೆ ಎಲ್ಲ ಬಣ್ಣ ತಡೆಯುವುದಿಲ್ಲ. ಪೇಟೆಯಿಂದ ತಂದ ಒಂದು ಅಗ್ಗದ ನೀಲಿ ಪುಡಿ ಕೆಲವೇ ದಿನಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿ, ಗೋಡೆಯ ಕೃಷ್ಣ ಕಂದಾಗಿ ನಿಂತ. ಅದು ಪ್ರಷ್ಯನ್ ನೀಲಿ ಅಂತ ಆಮೇಲೆ ತಿಳಿಯಿತು. ಸುಣ್ಣ ಅದನ್ನು ಒಡೆದು ಕಬ್ಬಿಣದ ತುಕ್ಕನ್ನಷ್ಟೇ ಉಳಿಸುತ್ತದೆ. ಬಟ್ಟೆಗೆ ಹಾಕುವ ನೀಲಿಯ ಜಾತಿಯ ಅಲ್ಟ್ರಾಮರೀನ್ ಆದರೆ ತಡೆಯುತ್ತದೆ. ಕ್ರೋಮ್ ಹಳದಿ ಬೇಡ, ಹಳದಿ ಮಣ್ಣು ಸಾಕು. ಹಸಿರಿಗೆ ಕ್ರೋಮಿಯಂ ಆಕ್ಸೈಡ್. ಕಪ್ಪಿಗೆ ತೆಂಗಿನ ಚಿಪ್ಪಿನ ಇದ್ದಿಲು, ಬಹಳ ನುಣ್ಣಗೆ ಅರೆದದ್ದು. ಕೆಂಪು ಮಾತ್ರ ನಮ್ಮದೇ. ಸಂಡೂರು ಕಡೆಯ ಕೆಂಪು ಮಣ್ಣನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿ ಬಸಿದು, ತಳಕ್ಕೆ ಕೂತ ನುಣುಪನ್ನು ಮತ್ತೆ ಮತ್ತೆ ತೊಳೆದು ಒಣಗಿಸುತ್ತೇನೆ. ಉಪ್ಪಿನ ಅಂಶ ಹೋಗುವ ತನಕ ತೊಳೆಯಲೇಬೇಕು, ಇಲ್ಲದಿದ್ದರೆ ಗೋಡೆಯ ಮೇಲೆ ಉಪ್ಪಿನ ಬಿಳಿ ಹೂವು ಏಳುತ್ತದೆ. ಬೆಂಗಳೂರಿನಿಂದ ಬಂದ ಒಬ್ಬ ವಾಸ್ತುಶಿಲ್ಪಿ ಆ ಕೆಂಪನ್ನು ನೋಡಿ ಇಟಲಿಯಿಂದ ತರಿಸಿದ್ದಾ ಅಂತ ಕೇಳಿದರು. ಬಳ್ಳಾರಿ ಅದಿರು ಸ್ವಾಮಿ ಅಂದೆ. ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಚೌಳಿಗೆ ನನ್ನ ಉಪಾಯ ಹೊಸದೇನಲ್ಲ. ನಮ್ಮ ಅಜ್ಜಿಯರು ಗೋಡೆಯ ಕೆಳಗಡೆ ಹುರಮಂಜಿನ ಪಟ್ಟಿ ಬಳಿಯುತ್ತಿದ್ದರಲ್ಲ, ಅದೇ. ಕೆಳಗಿನ ಮೂರು ಅಡಿಗೆ ಚಿತ್ರ ಬರೆಯುವುದಿಲ್ಲ. ಸುಣ್ಣ, ಕೆಮ್ಮಣ್ಣಿನ ಸಾದಾ ಪಟ್ಟಿ. ಚೌಳು ಅಲ್ಲೇ ಹೊರಗೆ ಬರಲಿ. ಪ್ರತಿ ವರ್ಷ ಹಬ್ಬಕ್ಕೆ ಊರವರೇ ಅದನ್ನು ಬಳಿಯಲಿ, ಖರ್ಚು 200 ರೂಪಾಯಿ ದಾಟುವುದಿಲ್ಲ. ಮೇಲಿನ ಚಿತ್ರ ಉಳಿಯುತ್ತದೆ.

ಗಾರೆಯ ಲೆಕ್ಕ: ತಳದ ಪದರಕ್ಕೆ ಒಂದು ಸುಣ್ಣಕ್ಕೆ ಮೂರು ಉಸುಕು, ತೊಳೆದ ಹೊಳೆ ಉಸುಕು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಮೇಲಿನ ಪದರಕ್ಕೆ ಸುಣ್ಣವೂ ಅಮೃತಶಿಲೆ ಪುಡಿಯೂ ಹೆಚ್ಚೂಕಡಿಮೆ ಸಮ. ಆ ಮೇಲಿನ ಪದರಕ್ಕೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ಗಾರೆ ಒಣಗುವ ಮೊದಲು ಬರೆಯಲು ನನಗೆ ಎರಡು ತಾಸು ಜಾಸ್ತಿ ಸಿಗುತ್ತದೆ. ನನ್ನ ಜೊತೆ ಒಂದು ಗೋಡೆ ಕೆಲಸ ಮಾಡಿದವರಿಗೆ ತೋರಿಸುತ್ತೇನೆ.

ಈ ಮೇಲಿನ ಪದರ ಯಾರು ಹಚ್ಚಬೇಕು ಎನ್ನುವುದು ದೊಡ್ಡ ಪ್ರಶ್ನೆಯಾಗಿತ್ತು. ಗೌಂಡಿಗಳಿಗೆ ಸಿಮೆಂಟಿನ ಕೈ. ಥಾಪಿಯಿಂದ ಒತ್ತಿ ಒತ್ತಿ ಮುಚ್ಚಿಬಿಡುತ್ತಾರೆ, ಆಮೇಲೆ ಬಣ್ಣ ಒಳಗೆ ಇಳಿಯುವುದಿಲ್ಲ. ಒಂದು ಊರಲ್ಲಿ ನೀರು ಹೊರಲು ಬಂದಿದ್ದ ಹೆಂಗಸೊಬ್ಬರು ನೋಡಿ ನೋಡಿ ಬೇಸತ್ತು, ಸರಿಯಿರಿ ಅಂದು ಅಂಗೈ ಇಟ್ಟು ಅರೆವೃತ್ತದ ಹಾಗೆ ಸಾರಿಸತೊಡಗಿದರು. ಮನೆ ನೆಲ, ಗೋಡೆ ಸಾರಿಸಿದ ಕೈ ಅದು. ತೇವ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಅಂಗೈಗೇ ಗೊತ್ತು. ಮೊದಲು ಎಡದಿಂದ ಬಲಕ್ಕೆ, ಒಂದು ಗೇಣು ಅಗಲ. ನಿಂತು ನೋಡಿ, ಹೊಳಪು ಸತ್ತ ಜಾಗಕ್ಕೆ ಬೆರಳ ತುದಿಯಿಂದ ನೀರು ಸಿಡಿಸಿ, ಮತ್ತೆ ಮೇಲಿಂದ ಕೆಳಕ್ಕೆ. ಅಂಥ ನುಣುಪು ನಾನು ಯಾವ ಗೌಂಡಿ ಕೈಯಲ್ಲೂ ಕಂಡಿಲ್ಲ. ಅವತ್ತಿನಿಂದ ಕೊನೆಯ ಪದರ ಹೆಂಗಸರದೇ. ಅವರಿಗೆ ಗೌಂಡಿಯ ಕೂಲಿಯನ್ನೇ ಕೊಡುತ್ತೇನೆ, ಈಗ ದಿನಕ್ಕೆ ಸುಮಾರು 800. ಹೊಲದ ಕೆಲಸಕ್ಕೆ ಅವರಿಗೆ ಸಿಗುವುದು ಅದರ ಅರ್ಧ. ಗೌಂಡಿಗಳು ಮೊದಲು ತಕರಾರು ತೆಗೆದರು. ಗೋಡೆ ಮುಟ್ಟಿ ನೋಡಿ ಅಂದೆ. ಸುಮ್ಮನಾದರು.

ಇನ್ನು ಚಿತ್ರ. ಖಾಕಾ ಹಚ್ಚುವ ದಿನ ಓಣಿಯವರನ್ನು ಕರೆಯುವುದು ನನ್ನ ಪದ್ಧತಿ. ಗ್ರಂಥಾಲಯದ ಗೋಡೆಗೆ ಬಂಡೆಗುಡ್ಡ, ಮಾಳಿಗೆ ಮನೆಗಳ ಓಣಿ, ಕಂಬಳಿ ಹೊದ್ದ ಕುರಿಗಾಹಿ, ಕಾಲುವೆ, ಭತ್ತದ ನಾಟಿ ಹಚ್ಚುವ ಹೆಂಗಸರ ಸಾಲು. ನಾಟಿಯವರು ಹಿಂದಕ್ಕೆ ಸರಿಯುತ್ತಾ ಹೋಗುತ್ತಾರೆ, ಹಾಗಾಗಿ ಹಚ್ಚಿದ ಸಸಿ ಅವರ ಮುಂದೆ ಇರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಸಸಿ ಕಟ್ಟು ಎಡಗೈಯಲ್ಲಿ ಇರಬೇಕು ಅಂತ ಒಂದೊಂದನ್ನೂ ಅವರೇ ಕಾಗದದ ಮೇಲೆ ಬೆರಳಿಟ್ಟು ನೋಡಿ ಒಪ್ಪಿದರು. ಅವರು ಒಪ್ಪಿದ ಮೇಲೆಯೇ ಗೋಡೆಗೆ. ಆ ಚಿತ್ರ ಈಗ ಅವರದು. ಅದರ ಮೇಲೆ ಯಾರೂ ಪೋಸ್ಟರ್ ಹಚ್ಚುವುದಿಲ್ಲ, ಉಗುಳುವುದಿಲ್ಲ. ಎಮಲ್ಷನ್ ಕಾಂಪೌಂಡಿನ ಮೇಲೆ ಏನೇನಾಗಿದೆ ಅಂತ ಹೇಳಬೇಕಾಗಿಲ್ಲ.

ಖಾಕಾ ವಿಷಯದಲ್ಲಿ ಒಂದು ಹೊಸದು ಮಾಡಿದೆ. ಕೊಪ್ಪಳ ತಾಲೂಕಿನ ಮೊರನಾಳ ತೊಗಲುಗೊಂಬೆಯವರ ಊರು. ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ಗೊತ್ತು. ತೊಗಲುಗೊಂಬೆಯಲ್ಲಿ ಒಡವೆ, ಸೀರೆ ಅಂಚು ಎಲ್ಲ ಸಣ್ಣ ಸಣ್ಣ ತೂತುಗಳಿಂದಲೇ ಆಗಿರುತ್ತದೆ, ಬೆಳಕು ಅದರಿಂದ ಹಾಯುತ್ತದೆ. ಆ ತೂತಿನ ಲೆಕ್ಕವನ್ನೇ ದಪ್ಪ ಕಾಗದಕ್ಕೆ ಇಳಿಸಿಕೊಂಡೆ. ಮಸಿಪುಡಿಯ ಬಟ್ಟೆಗಂಟನ್ನು ಅದರ ಮೇಲೆ ತಟ್ಟಿದರೆ ಅಂಚು ಪೂರಾ ಚುಕ್ಕೆ ಚುಕ್ಕೆಯಾಗಿ ಹಸಿ ಗಾರೆಗೆ ಇಳಿಯುತ್ತದೆ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಅಂಚು ಈಗ ಕಾಲು ತಾಸು. ಇದಕ್ಕೆ ಕುಟುಂಬವೊಂದರ ಒಪ್ಪಿಗೆ ಕೇಳಿ, ಪ್ರತಿ ಗೋಡೆಗೂ ಅವರಿಗೆ ಇಷ್ಟು ಅಂತ ಕೊಡುತ್ತೇನೆ. ಬೇರೆಯವರೂ ಹಾಗೇ ಮಾಡಬೇಕು ಅಂತ ನನ್ನ ಒತ್ತಾಯ.

ಬೇರೆ ಪ್ರಯೋಗಗಳೂ ನಡೆದವು. ಮೆಕ್ಸಿಕೊದಲ್ಲಿ ಕ್ರಾಂತಿ ಮುಗಿದ ಮೇಲೆ ಸರ್ಕಾರವೇ ಚಿತ್ರಗಾರರನ್ನು ಕರೆದು ಗೋಡೆಗಳನ್ನು ಕೊಟ್ಟಿತು. ಡಿಯೆಗೊ ರಿವೇರಾ 1923ರಿಂದ 1928ರ ತನಕ ಅಲ್ಲಿನ ಶಿಕ್ಷಣ ಇಲಾಖೆಯ ಕಟ್ಟಡದ ಗೋಡೆಗಳ ಮೇಲೆ ಆ ದೇಶದ ನೇಕಾರರು, ರೈತರು, ಗಣಿ ಕೂಲಿಗಳನ್ನು ಬರೆದ. ಅದೂ ಹಸಿ ಗಾರೆಯ ಮೇಲೆ. ಶುರುವಿನಲ್ಲಿ ಅವನು ಪಾಪಸುಕಳ್ಳಿಯ ಲೋಳೆ ಬೆರೆಸಿ ನೋಡಿದ್ದ. ಪಾಪಸುಕಳ್ಳಿ ನಮ್ಮ ಹೊಲದ ಬದುವಿಗೆ ಕೇಳುವವರಿಲ್ಲದೆ ಬಿದ್ದಿರುತ್ತದೆ. ಮುಳ್ಳು ಸುಟ್ಟು, ಕೊಚ್ಚಿ, ರಾತ್ರಿಯಿಡೀ ನೆನೆಸಿ, ಲೋಳೆ ಸೋಸಿ ಬಳಸಿದೆ. ಚಿತ್ರದ ಕೆಳಗಿನ ಗಾರೆಗೆ ಹಾಕಿದರೆ ಕಂದು ಕಲೆ ಬೀಳುತ್ತದೆ, ಅವನಿಗೂ ಹಾಗೇ ಆಗಿ ಬಿಟ್ಟನಂತೆ. ಆದರೆ ಬರೀ ಸುಣ್ಣದ ತೆಳು ಬಳಿತಕ್ಕೆ ಹಾಕಿದರೆ ಅದ್ಭುತ. ಮೈ ಒರಗಿದರೂ ಅಂಗಿಗೆ ಸುಣ್ಣ ಹತ್ತುವುದಿಲ್ಲ, ಮಳೆ ನೀರು ಜಾರುತ್ತದೆ. ಕೆಳಗಿನ ಪಟ್ಟಿಗೆ ಈಗ ಅದೇ. ಎಷ್ಟು ಲೋಳೆಗೆ ಎಷ್ಟು ಸುಣ್ಣ ಅನ್ನುವುದು ನನ್ನ ಹತ್ತಿರವೇ ಇರಲಿ.

ಸಂಡೂರಿನ ಲಂಬಾಣಿ ಕಸೂತಿ ನೋಡಿ ಗಾರೆಯಲ್ಲಿ ಕನ್ನಡಿ ಬಿಲ್ಲೆ ಕೂರಿಸಿದೆ. ಸುಣ್ಣದ ಖಾರಕ್ಕೆ ಕನ್ನಡಿಯ ಬೆನ್ನು ಕರಿ ಹಿಡಿಯಿತು. ಆ ಅಂಚಿನ ಚೌಕ, ತ್ರಿಕೋನಗಳನ್ನು ಮಾತ್ರ ಇಟ್ಟುಕೊಂಡೆ. ಮರದ ಬಣ್ಣದ ಬೊಂಬೆಗೆ ಹೆಸರಾದ ಕಿನ್ನಾಳದ ಹಿರಿಯರ ಹತ್ತಿರ, ಬೊಂಬೆಗೆ ಹಚ್ಚುವ ಕಿಟ್ಟ ಅನ್ನುವ ಮುದ್ದೆ ಮಾಡುವುದು ಕಲಿತೆ. ಹಳೆ ಗೋಣಿಚೀಲ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟಿನಲ್ಲಿ ಕಲಸುವುದು. ಒಡವೆಯ ಉಬ್ಬು ಗೆರೆಗೆ ಬೆಣಚುಕಲ್ಲಿನ ಪುಡಿ. ಹೊರಗೋಡೆಗೆ ಕಿಟ್ಟ ಹಚ್ಚಿದರೆ ಒಂದೇ ಮಳೆಗೆ ಉಬ್ಬಿ ಹೋಗುತ್ತದೆ. ಒಳಗೋಡೆಗೆ ಅದರಂಥದ್ದು ಇನ್ನೊಂದಿಲ್ಲ. ಹುಳ ಬೀಳದ ಹಾಗೆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ. ಆನೆಗೊಂದಿ, ಸಾಣಾಪುರ ಕಡೆಯ ಹೋಮ್‌ಸ್ಟೇಗಳ ಒಳಗೋಡೆಗೆ ಈಗ ನಾನು ಗಾರೆ ಚಿತ್ರ ಮಾಡಿದರೆ, ಉಬ್ಬು ಕೆಲಸ ಕಿನ್ನಾಳದವರಿಗೇ ಹೋಗುತ್ತದೆ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಗ್ರಂಥಾಲಯದ ಗೋಡೆ ಸುಮಾರು 300 ಚದರ ಅಡಿ. ಚದರ ಅಡಿಗೆ 180ರಂತೆ 54,000 ಸಿಕ್ಕಿತು. ಸುಣ್ಣ, ಉಸುಕು, ಅಮೃತಶಿಲೆ ಪುಡಿ, ಬಣ್ಣ ಎಲ್ಲ ಸೇರಿ 13–14 ಸಾವಿರ. ಕೂಲಿ 18 ಸಾವಿರದ ಆಸುಪಾಸು. ಅಟ್ಟಣಿಗೆ, ಗಾಡಿ ಬಾಡಿಗೆ ಮೂರು-ನಾಲ್ಕು ಸಾವಿರ. ನನ್ನ ಕೈಗೆ 18–19 ಸಾವಿರ. ಎಮಲ್ಷನ್ 90ಕ್ಕೆ ಆಗುತ್ತದೆ ಅಂತ ಪಂಚಾಯಿತಿಯ ಸದಸ್ಯರೊಬ್ಬರು ಎದ್ದು ನಿಂತಿದ್ದರು. ಐದು ವರ್ಷದಲ್ಲಿ ಅದನ್ನು ಮೂರು ಸಲ ಬಳಿಯಬೇಕು, 270 ಆಗುತ್ತದೆ ಅಂತ ಅಲ್ಲೇ ಚೀಟಿಯ ಮೇಲೆ ಬರೆದು ಕೊಟ್ಟೆ. ಅವತ್ತು ಯಾರೂ ನಂಬಲಿಲ್ಲ, ಕಾರ್ಯದರ್ಶಿಯೊಬ್ಬರು ಧೈರ್ಯ ಮಾಡಿದರು. ಈಗ ಕಾಂಪೌಂಡ್ ಕಣ್ಣಮುಂದೆಯೇ ಇದೆ. ಈಗಿನ ನನ್ನ ದರ ಹೊರಗೋಡೆಗೆ 350ರ ಮೇಲೆ. ಕಡಿಮೆಗೆ ಮಾಡುವುದಿಲ್ಲ, ನೀವೂ ಮಾಡಬೇಡಿ.

ದುಡ್ಡು ಎಲ್ಲಿಗೆ ಹೋಯಿತು ಅಂತಲೂ ನೋಡಿ. ಎಮಲ್ಷನ್ ಕೆಲಸದಲ್ಲಿ ಅರ್ಧಕ್ಕೂ ಜಾಸ್ತಿ ಡಬ್ಬಿಗೆ ಹೋಗುತ್ತದೆ, ಡಬ್ಬಿಯ ದುಡ್ಡು ಜಿಲ್ಲೆ ದಾಟಿ ಹೋಗುತ್ತದೆ. ಗಾರೆಯಲ್ಲಿ ಬಹುಪಾಲು ಊರಲ್ಲೇ, ಅದರಲ್ಲೂ ಹೆಂಗಸರ ಕೈಯಲ್ಲಿ ಉಳಿಯುತ್ತದೆ. ಕಲೆಯಿಂದ ಅಭಿವೃದ್ಧಿ ಅಂತ ಭಾಷಣ ಕೇಳಿದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ. 1938ರಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಮಾತಿನ ಮೇಲೆ ಬಂಗಾಳದ ಚಿತ್ರಗಾರ ನಂದಲಾಲ್ ಬೋಸ್ ಮಾಡಿದ್ದೂ ಇದನ್ನೇ. ಕೈಕಾಗದ, ಮಣ್ಣಿನ ಬಣ್ಣ, ಡೋಲು ಬಾರಿಸುವವ, ನೂಲುವವಳು, ಅಡುಗೆ ಮಾಡುವವಳು. ಸುಮಾರು 400 ಚಿತ್ರ. ದೇಶ ಅಂದರೆ ಯಾರು ಅಂತ ಜನರಿಗೆ ಅವು ತೋರಿಸಿದವು. ಅದೇ ನಂದಲಾಲರ ತಂಡ ಆಮೇಲೆ ಸಂವಿಧಾನದ ಮೂಲ ಪ್ರತಿಯ ಹಾಳೆಗಳಿಗೂ ಚಿತ್ರ ಬರೆಯಿತು.

ನಮ್ಮ ಜಿಲ್ಲೆಯಲ್ಲೇ ಇಂಥ ಸಾಧ್ಯತೆ ಎಷ್ಟಿದೆ ಅಂದರೆ, ಭಾನಾಪುರದ ಹತ್ತಿರ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್ (ಆಟಿಕೆ ಕಾರ್ಖಾನೆಗಳ ಗುಂಪು) ಇದೆ. ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚಕದ (ಇದು ಈ ಊರಿನದೇ ವಸ್ತು ಅನ್ನುವ ಗುರುತು, ಜಿಐ) ಮಾನ್ಯತೆ ಇದೆ. ಎರಡೂ ಕೊಪ್ಪಳ ಜಿಲ್ಲೆಯಲ್ಲೇ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಸೂಚಕ ಇರುವ ಆಟಿಕೆಗೂ ನೋಂದಾಯಿತ ಕರಕುಶಲಕರ್ಮಿಗಳಿಗೂ ವಿನಾಯಿತಿ ಸಿಕ್ಕಿತು. ಕಿನ್ನಾಳದ ಹುಡುಗರು ಆ ಕಾರ್ಖಾನೆಗಳಲ್ಲಿ ಬರೀ ಪ್ಯಾಕಿಂಗ್ ಮಾಡಬಾರದು. ಗೊಂಬೆಯ ರೂಪ ಬರೆಯುವ ಮೇಜಿನ ಹತ್ತಿರ ಕೂರಬೇಕು. ಗರುಡನ ಮೂಗು, ಗೌರಿಯ ಕಣ್ಣು ಬಿಡಿಸುವ ಕೈ ಇನ್ನೆಲ್ಲಿ ಸಿಗುತ್ತದೆ? 2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಗೆ ಸಂಡೂರಿನ ಲಂಬಾಣಿ ಹೆಂಗಸರ 1755 ಕಸೂತಿಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಜಗತ್ತು ನೋಡಲು ಬಂದಾಗ ನಾವು ಮುಂದೆ ಇಟ್ಟದ್ದು ಅದನ್ನೇ ಅಲ್ವಾ? ಹಾಗಿದ್ದರೆ ಉಳಿದ ದಿನಗಳಲ್ಲೂ ಅದಕ್ಕೆ ಬಜೆಟ್ ಇರಬೇಕು.

ಬಜೆಟ್ ವಿಷಯಕ್ಕೆ ಬಂದರೆ, ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಶಾಲೆ, ಅಂಗನವಾಡಿ, ಗ್ರಂಥಾಲಯಗಳು ಬಹಳ ಕಟ್ಟಲಾಗುತ್ತಿವೆ. ನಾನು ನೋಡಿದ ಯಾವ ಎಸ್ಟಿಮೇಟ್‌ನಲ್ಲೂ ಚಿತ್ರಕ್ಕೆ ಒಂದು ಸಾಲಿಲ್ಲ. ಕೊನೆಗೆ ಉಳಿದ ಪುಡಿಗಾಸಿನಲ್ಲಿ ಬರೆಸುತ್ತಾರೆ. ಫ್ರಾನ್ಸಿನಲ್ಲಿ 1951ರಿಂದ ಶಾಲಾ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲು ಕಲೆಗೆ ಮೀಸಲು, ಆಮೇಲೆ ಬೇರೆ ಸರ್ಕಾರಿ ಕಟ್ಟಡಗಳಿಗೂ ಬಂತು. ನಮ್ಮಲ್ಲಿ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಹೊಸ ಕಟ್ಟಡದ ಎಸ್ಟಿಮೇಟ್ ಆಗುವಾಗಲೇ ಡ್ರಾಯಿಂಗ್ ಮಾಸ್ತರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರು ಹೋಗಿ ಎರಡು ಮಾತು ಹೇಳಿ. ಯಾವುದಾದರೂ ಒಂದು ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಬೇಡಿ, ಕಲ್ಲು-ಇಟ್ಟಿಗೆ ಹಾಗೇ ಬಿಡಿ. ಆ ಗೋಡೆಯ ಗಾರೆ ಮತ್ತು ಚಿತ್ರಕ್ಕೆ ಬೇರೆ ಬೇರೆ ಸಾಲು ಹಾಕಿ. ಗಾರೆಗೆ ದರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ, ಕೆತ್ತಿಸುವ ಖರ್ಚೂ ಉಳಿಯುತ್ತದೆ. ಹೋದ ವರ್ಷ ಎರಡು ಕಡೆ ಇಂಜಿನಿಯರುಗಳು ಇದನ್ನು ಒಪ್ಪಿದರು.

ಈ ದೀಪಾವಳಿಯ ನಂತರ ಮಸ್ಕಿ ಕಡೆ ಒಂದು ಶಾಲೆಯ ಗೋಡೆ ಹಿಡಿದಿದ್ದೇನೆ. 1915ರಲ್ಲಿ ಸಿಕ್ಕ ಅಶೋಕನ ಶಾಸನದ ಬಂಡೆ, ಹತ್ತಿ ಬಿಡಿಸುವವರು, ಜೋಳದ ರಾಶಿ ಇಷ್ಟು ಈಗ ಖಾಕಾದಲ್ಲಿದೆ. ಉಳಿದದ್ದು ಊರವರನ್ನು ಕೇಳಿ ಸೇರಿಸುವುದು. ಸುಣ್ಣ ಹೋದ ಚಳಿಗಾಲದಿಂದಲೇ ನೆನೆಯುತ್ತಿದೆ. ಕಲಿಯಬೇಕು ಅನ್ನುವವರು ಬಂದರೆ ಊಟ, ಮಲಗಲು ಜಾಗ ಇದೆ, ಸುಣ್ಣ-ಬಣ್ಣ ನನ್ನದು. ಬ್ರಷ್ ನಿಮ್ಮದೇ ತನ್ನಿ, ನೈಲಾನ್ ಬೇಡ, ಮೆತ್ತನೆ ಕೂದಲಿನದು. ಬೆಳಿಗ್ಗೆ ಐದಕ್ಕೆ ಗೋಡೆಯ ಮುಂದೆ ಇರಬೇಕು.